ಸದರಿ ವಸ್ತುವನ್ನು ಮೊಹರು ಒಡೆಯದೆ ಮರಳಿಸುವ ಬಗ್ಗೆ

ಸಂಖ್ಯೆ: ಉಗ್ರಾಣ/ವಿ.ಪ್ರ./ಗೋಪ್ಯ/೧೭

ವಿಷಯ: ವಿದೇಶ ಪ್ರವಾಸದಲ್ಲಿ ಎಚ್‌ಐವಿ ಮತ್ತು ಏಡ್ಸ್‌ನಿಂದ ರಕ್ಷಿಸಿಕೊಳ್ಳಲು ನೀಡಲಾಗುವ ಕಾಂಡೋಮ್ (ಈ ಪದವನ್ನು ಇಲ್ಲಿಗೇ ನಿಲ್ಲಿಸಿ, ಮುಂದೆ 'ಸದರಿ ವಸ್ತು' ಎನ್ನತಕ್ಕದ್ದು).

ಉಲ್ಲೇಖ: ೧. ಉಗ್ರಾಣಾಧಿಕಾರಿಗಳ ಹೆಮ್ಮೆಯ ಟಿಪ್ಪಣಿ.
೨. ಹಿರಿಯ ನಕ್ಷೆಗಾರರ ಪತ್ನಿಯವರ ಸಿಟ್ಟಿನ ಮನವಿ.

ತರಬೇತಿಗೆಂದು ವಿದೇಶಕ್ಕೆ ಹೋಗುವ ಪ್ರತಿ ನೌಕರರಿಗೂ ಸದರಿ ವಸ್ತುವಿನ ಪೊಟ್ಟಣವನ್ನು ಅರಗಿನ ಮೊಹರು ಹಾಕಿ ನೀಡಲಾಗುತ್ತಿದ್ದು, ಇದುವರೆಗೆ ಎಲ್ಲರೂ ಮೊಹರು ಒಡೆಯದೆ ಮರಳಿಸಿರುವುದು ಇಲಾಖೆ ಬೀಗುವ ಸಂಗತಿಯಾಗಿದೆ. ಹಿರಿಯ ನಕ್ಷೆಗಾರರು ಮಾತ್ರ ಮೊನ್ನೆ ರಾತ್ರಿ ಅಲ್ಲಿನ ಹೋಟೆಲಿನಿಂದ ಫೋನ್ ಮಾಡಿ, "ಸಾರ್, ಈಗ ಬೇಕಾಗೋ ಹಾಗಿದೆ, ಒಡೀಲಾ?" ಎಂದು ಅನುಮತಿ ಕೋರಿರುತ್ತಾರೆ. "ಒಡೆದ್ರೆ ದಾಸ್ತಾನು ಕಮ್ಮಿಯಾಗುತ್ತೆ ಕಣ್ರೀ, ಹಾಗೇ ತಂದ್ಬಿಡಿ" ಎಂದು ಉಗ್ರಾಣಾಧಿಕಾರಿಗಳು ಸೂಚಿಸಿದ ಮೇರೆಗೆ ಪೊಟ್ಟಣವನ್ನು ತಡೆಹಿಡಿದಿರುತ್ತಾರೆ, ಉಳಿದುದನ್ನು ತಡೆಹಿಡಿದಿರುವುದಿಲ್ಲ. ನಿನ್ನೆ ಮರಳಿ ಬಂದು ಮನೆಯಲ್ಲಿ ನಿಜ ಒಪ್ಪಿಕೊಂಡಿರುತ್ತಾರೆ.

ಆದ ಪ್ರಯುಕ್ತ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಸದರಿ ವಸ್ತು ಕಚೇರಿಯ ಸ್ವತ್ತು. ಬಳಸುವ ಅಗತ್ಯ ಬಂದಲ್ಲಿ ಹದಿನೈದು ದಿನ ಮುಂಚಿತವಾಗಿ ಮೇಲಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಅನುಮತಿ ಬರುವವರೆಗೆ ಇಬ್ಬರೂ ದೂರ ದೂರದ ಕುರ್ಚಿಗಳಲ್ಲಿ ಕುಳಿತಿರತಕ್ಕದ್ದು.

೨. ಕೈಕುಲುಕುವುದರಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ ಈ ಸೋಂಕು ತಗಲುವುದಿಲ್ಲವೆಂದು ವೈದ್ಯರು ತಿಳಿಸಿರುತ್ತಾರೆ. ವೈದ್ಯರು ಬೇರೆ ಇಲಾಖೆಯವರಾದ್ದರಿಂದ ಕೈಗವಸು ಮತ್ತು ಸ್ವಂತ ಲೋಟವನ್ನು ಕಡ್ಡಾಯಗೊಳಿಸಲಾಗಿದೆ.

೩. ವಿದೇಶದಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾದಲ್ಲಿ ಹೊಸ ಸೂಜಿಯನ್ನೇ ಕೇಳತಕ್ಕದ್ದು. (ಈ ಕಲಂ ಕಣ್ತಪ್ಪಿನಿಂದ ಉಪಯುಕ್ತವಾಗಿದ್ದು, ತಿದ್ದುಪಡಿ ಹೊರಡಿಸಲಾಗುವುದು.)

೪. ಪತ್ನಿಯವರು ತಮ್ಮ ಮನವಿಯಲ್ಲಿ, "ಸೋಂಕು ಅಂಟದ ಹಾಗೆ ತಡೆಯೋ ಔಷಧೀನ ಮೂರು ದಿನದೊಳಗೆ ಶುರು ಮಾಡ್ಬೇಕಂತೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದಂತೆ. ಅವರ ಮುಖ ನೋಡಿದ್ರೆ ಮೈಯೆಲ್ಲಾ ಉರಿಯುತ್ತೆ. ಆದ್ರೂ ಅವರು ಚೆನ್ನಾಗಿರ್ಬೇಕು ನಂಗೆ. ಅವರಿಗೆ ಇವತ್ತೇ ರಜೆ ಕೊಡಿ" ಎಂದು ಕೋರಿರುತ್ತಾರೆ. ಮೊಹರು ಸುಭದ್ರವಾಗಿರುವುದರಿಂದ ಇಲಾಖೆಯ ಮಟ್ಟಿಗೆ ಏನೂ ನಡೆದಿರುವುದಿಲ್ಲ. ರಜೆ ನಿರಾಕರಿಸಲಾಗಿದೆ.

೫. ಪೊಟ್ಟಣವನ್ನು ಜೋಪಾನವಾಗಿ ಕಾಪಾಡಿದ ನಕ್ಷೆಗಾರರಿಗೆ ಬರುವ ಸೋಮವಾರ ಪ್ರಶಂಸಾ ಪತ್ರ ನೀಡಲಾಗುವುದು. ಅವರು ಆರೋಗ್ಯವಾಗಿ ಹಾಜರಿರತಕ್ಕದ್ದು.

ಸಹಿ/-
ಸದರಿ ವಸ್ತುಗಳ ಉಪನಿರ್ದೇಶಕರ ಪರವಾಗಿ
(ಉಪನಿರ್ದೇಶಕರು ವಿದೇಶ ಪ್ರವಾಸದಲ್ಲಿರುತ್ತಾರೆ)

ಪ್ರತಿಗಳು:
೧. ಉಗ್ರಾಣಾಧಿಕಾರಿಗಳಿಗೆ, ದಾಸ್ತಾನು ಕಮ್ಮಿಯಾಗದ ಬಗ್ಗೆ ಅಭಿನಂದನೆಗಳೊಂದಿಗೆ.
೨. ಸೂಚನಾ ಫಲಕಕ್ಕೆ, ಬರಹ ಗೋಡೆಯ ಕಡೆಗಿರುವಂತೆ ಅಂಟಿಸಲು.
೩. ನಕ್ಷೆಗಾರರ ಪತ್ನಿಯವರಿಗೆ, ಈ ಸುತ್ತೋಲೆಯ ಶಾಯಿ ಆರುವ ಮುನ್ನವೇ ಕಚೇರಿಗೆ ನುಗ್ಗಿ, ಪತಿಯನ್ನು ಕೈಹಿಡಿದು ಎಬ್ಬಿಸಿ, ಆಸ್ಪತ್ರೆಗೆ ಕರೆದೊಯ್ದು ಮೊದಲ ಮಾತ್ರೆ ನುಂಗಿಸಿರುವ ಬಗ್ಗೆ ವಿವರಣೆ ಕೋರಿ.