ಬೀಗರ ಹೋಳಿಗೆ, ಬಸ್ಸಿನ ಬಸ್ಕಿ

ವಾಮದೇವಪ್ಪನವರಿಗೆ ಸಕ್ಕರೆ ಕಾಯಿಲೆಗಿಂತ ಸೂಜಿಯ ಭಯ ಹೆಚ್ಚು. ಅವತ್ತು ಬೆಳಿಗ್ಗೆ ಡಾಕ್ಟರ್ ಸುಷ್ಮಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ನಿಮ್ಮ ಮೈಯಾಗ ಇನ್ಸುಲಿನ್ ಐತ್ರಿ. ಬೆಣ್ಣಿ, ಸಿಹಿ ತಿಂದೂ ತಿಂದೂ ಮಾಂಸಖಂಡಗಳು ಅದರ ಮಾತು ಕೇಳ್ತಿಲ್ಲ. ಮಧ್ಯಾಹ್ನ ಊಟ ಆಗಿ ಎರಡು ತಾಸಿಗೆ ಬರ್ರಿ, ರಕ್ತ ನೋಡೋಣ. ಸಕ್ಕರೆ ಇಳಿದಿದ್ರೆ ಪಥ್ಯ ಸಡಿಲ ಮಾಡ್ತೀನಿ. ಇಲ್ಲಾಂದ್ರೆ ನಾಳೆಯಿಂದ ದಿನಾ ಇಂಜೆಕ್ಷನ್."

ಬಸುರಿ ಮಗಳಿಗೆ ಕುಬುಸದ ಸೀರೆ ಮುಟ್ಟಿಸಲು ಅವರು ಹರಿಹರದ ಬೀಗರ ಮನೆಗೆ ಹೋಗಬೇಕಿತ್ತು. ಹೆಂಡತಿ ಕಸ್ತೂರಮ್ಮ ನವಣೆ ಅನ್ನ, ಹಾಗಲಕಾಯಿ ಪಲ್ಯ ಕಟ್ಟಿಕೊಟ್ಟರು. ಎರಡು ತಿಂಗಳಿಂದ ಅದನ್ನೇ ನುಂಗಿ ವಾಮದೇವಪ್ಪನವರಿಗೆ ಊಟದ ಹೊತ್ತೆಂದರೆ ಜೀವ ಬೇಸರವಾಗುತ್ತಿತ್ತು.

ಬೀಗರಾದ ಬಸವಪ್ರಭು ಡಬ್ಬಿ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಬೀಗರ ಮನಿಗೆ ಬುತ್ತಿ ಕಟ್ಕಂಡು ಬಂದೀರಲ್ರೀ, ಓಣಿಯೋರು ಏನಂತಾರೆ?"

"ನನಗೆ ಸಕ್ಕರೆ ಕಾಯಿಲೆ ಐತ್ರಿ."

"ಸಕ್ಕರೆ ಯಾರು ಹಾಕ್ಯಾರೆ? ಹೋಳಿಗಿ ಬೆಲ್ಲದ್ದು. ಬೆಲ್ಲ ಏನೂ ಮಾಡಲ್ಲ, ಕೂಡ್ರಿ."

ಡಬ್ಬಿಯಲ್ಲಿದ್ದದ್ದು ಎಮ್ಮೆಯ ಪಾಲಾಯಿತು. ಎಮ್ಮೆ ಕೂಡ ಹಾಗಲಕಾಯಿಯನ್ನು ಪಕ್ಕಕ್ಕೆ ಸರಿಸಿತು. ಬೀಗರು ಬಡಿಸಿದ್ದನ್ನು ಬಿಟ್ಟು ಎದ್ದರೆ ಮಗಳು ವರ್ಷವಿಡೀ ಮಾತು ಕೇಳಬೇಕು. ವಾಮದೇವಪ್ಪ ತುಪ್ಪ ಸುರಿದ ಹೋಳಿಗೆಗೆ ಶರಣಾದರು. ತಿನ್ನುವಷ್ಟು ಹೊತ್ತು ಪರಮಸುಖ, ಕೈ ತೊಳೆದ ಕೂಡಲೇ ಸೂಜಿಯ ನೆನಪು.

ವಾಪಸು ದಾವಣಗೆರೆ ಬಸ್ಸು ಹತ್ತಿದಾಗ ಡಾಕ್ಟರ ಇನ್ನೊಂದು ಮಾತು ಹೊಳೆಯಿತು. ಉಂಡಮೇಲೆ ಕಾಲಿಗೆ ಕೆಲಸ ಕೊಟ್ಟರೆ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದಂತೆ. ವಾಮದೇವಪ್ಪ ಕಂಬಿ ಹಿಡಿದು ಬಸ್ಸಿನಲ್ಲೇ ಬಸ್ಕಿ ಹೊಡೆಯತೊಡಗಿದರು.

"ಯಾಕ್ರೀ ಯಜಮಾನ್ರೇ, ಸೀಟು ಖಾಲಿ ಐತಲ್ಲ," ಎಂದ ಕಂಡಕ್ಟರ್.

"ಕೂತ್ರೆ ಏರ್ತೈತಪ್ಪ."

ಮುಂದಿನ ಸೀಟಿನಲ್ಲಿದ್ದ ಗಿರಿಯಮ್ಮ ಎಂಬ ಮುದುಕಿ ಕೈ ಮುಗಿದಳು. "ಹರಕಿ ಇರ್ಬೇಕು, ತಡೀಬ್ಯಾಡ್ರಿ. ಯಪ್ಪಾ, ನನ್ನ ಮೊಣಕಾಲ ನೋವಿಗೂ ನಾಕು ಹಾಕು."

ಹಿಂದಿನಿಂದ ಒಬ್ಬ ಮಗನ ಮದುವೆಗೆಂದು ಹತ್ತು ಕೇಳಿದ. ಇನ್ನೊಬ್ಬಳು ತನ್ನ ಸೊಸೆ ತವರಿಗೆ ಹೋಗಲೆಂದು ಐದು, ಅಲ್ಲೇ ಉಳಿಯಲೆಂದು ಮತ್ತೈದು ಕೇಳಿದಳು. ಆಗುವುದಿಲ್ಲ ಎನ್ನಲು ವಾಮದೇವಪ್ಪನವರಲ್ಲಿ ಉಸಿರು ಉಳಿದಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲನ್ನು ಅವರು ಅಂಬೆಗಾಲಿಟ್ಟೇ ಹತ್ತಿದರು. ಕಸ್ತೂರಮ್ಮ ಆಗಲೇ ಬಂದು ಕಾಯುತ್ತಿದ್ದರು. ರಕ್ತದ ಫಲಿತಾಂಶ ನೋಡಿದ ಡಾಕ್ಟರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇಷ್ಟು ಚಂದ ಇಳಿದೈತಲ್ರೀ. ಇಂಜೆಕ್ಷನ್ ಬ್ಯಾಡ. ಏನು ಊಟ ಮಾಡಿದ್ರಿ?"

ವಾಮದೇವಪ್ಪ ಬಾಯಿ ತೆರೆಯುವ ಮೊದಲೇ ಕಸ್ತೂರಮ್ಮ ಹೆಮ್ಮೆಯಿಂದ ಹೇಳಿದರು: "ನಾನೇ ಕಟ್ಟಿಕೊಟ್ಟಿದ್ನಿರಿ. ನವಣಿ ಅನ್ನ, ಹಾಗಲಕಾಯಿ ಪಲ್ಯ."

ಹೋಳಿಗೆ ತಿಂದೆ ಎಂದರೆ ಡಾಕ್ಟರು ಸೂಜಿ ತೆಗೆಯುತ್ತಾರೆ, ಹೆಂಡತಿ ಜೀವ ತೆಗೆಯುತ್ತಾಳೆ. ವಾಮದೇವಪ್ಪ ಹೌದೆಂದು ತಲೆಯಾಡಿಸಿದರು.

"ಪಥ್ಯ ಸಡಿಲ ಮಾಡಬೇಕಂತಿದ್ದೆ. ಆದ್ರೆ ಇಷ್ಟು ಚಲೋ ಕೆಲಸ ಮಾಡೋದನ್ನ ಯಾಕ ಬಿಡ್ಬೇಕು?" ಎಂದರು ಡಾಕ್ಟರು. "ಮೂರೂ ಹೊತ್ತು ಇದನ್ನೇ ಕೊಡ್ರಿ. ಜೀವನಪೂರ್ತಿ."

ವಾಮದೇವಪ್ಪನವರ ಕಣ್ಣಲ್ಲಿ ದಳದಳ ನೀರು ಇಳಿಯಿತು.

"ಪಾಪ, ಖುಷಿಗೆ ಅಳಾಕ ಹತ್ಯಾರೆ," ಎಂದರು ಕಸ್ತೂರಮ್ಮ.