ಗಾಳಿ ನಿಲ್ಲಿಸಬೇಕೆಂಬ ನನ್ನ ಹಿಂದಿನ ಕೋರಿಕೆಯನ್ನು ರದ್ದುಪಡಿಸುವ ಬಗ್ಗೆ

ಇಂದ:
ಮೂರನೇ ಮಹಡಿಯ ತಾತ,
ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ನಿವೃತ್ತ.

ಗೆ:
ಭಗವಂತನ ಸನ್ನಿಧಿಗೆ,
ಗಾಳಿ ವಿಭಾಗ,
ಮೇಲೆ.

ವಿಷಯ: ತಡೆಹಿಡಿದ ಗಾಳಿಯನ್ನು ಕೂಡಲೇ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: ಪ್ರತಿ ಸಂಜೆ ತಾರಸಿಯಲ್ಲಿ ನಾನು ಬಾಯಿಮಾತಿನಲ್ಲಿ ಸಲ್ಲಿಸುತ್ತಿದ್ದ ಕೋರಿಕೆ.

ಮಾನ್ಯರೇ,

ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನನ್ನ ಹೆಂಡತಿ ಕಳೆದ ಚಳಿಗಾಲದಲ್ಲಿ ತಮ್ಮ ಕಡೆಗೆ ವರ್ಗವಾಗಿ ಬಂದಿದ್ದಾಳೆ. ಅವಳಿಗೆ ಕತ್ತಲೆಂದರೆ ಭಯ. ಕಾರಣ, ತಾರಸಿಯಲ್ಲಿ ಅವಳಿಗಾಗಿ ದೀಪ ಹಚ್ಚಿಡುತ್ತೇನೆ. ನಮ್ಮ ತಾರಸಿಯ ಗಾಳಿಯೋ ಒದ್ದೆ ಕಂಬಳಿಯನ್ನೂ ಹಾರಿಸಿಕೊಂಡು ಹೋಗುವಂಥದ್ದು. ಆದ್ದರಿಂದ, "ದೀಪ ಆರದಿರಲಿ, ಗಾಳಿ ನಿಲ್ಲಿಸಪ್ಪಾ" ಎಂದು ಬೇಡಿಕೊಳ್ಳುತ್ತಿದ್ದೆ. ತಾವು ಇಷ್ಟು ಬೇಗ ಕ್ರಮ ಕೈಗೊಳ್ಳುವಿರೆಂದು, ಹಲವು ಕಚೇರಿಗಳನ್ನು ಕಂಡ ನಾನು, ನಿರೀಕ್ಷಿಸಿರಲಿಲ್ಲ.

೨. ಇದಕ್ಕೂ ಮೊದಲೇ ನಮ್ಮ ಬೀದಿಯವರೆಲ್ಲ ಸೇರಿ, ಗಾಳಿಯಂತ್ರ ಕೂರಿಸಿ, ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುವ ಯೋಜನೆ ಹಾಕಿದ್ದಾರೆ. ಗಾಳಿ ಸಾಕಷ್ಟಿದೆಯೇ ಎಂದು ತಿಳಿಯಲು ಈಗ ನಮ್ಮ ತಾರಸಿಯಲ್ಲೇ ಅಳತೆಯ ಕಂಬ ನೆಟ್ಟಿದ್ದಾರೆ. ಅದರ ತುದಿಯ ಬಟ್ಟಲುಗಳು ತಿರುಗಬೇಕು. ತಿರುಗುತ್ತಿಲ್ಲ. ಈ ತಿಂಗಳೊಳಗೆ ತಿರುಗದಿದ್ದರೆ ಯೋಜನೆ ಬಿದ್ದುಹೋಗುತ್ತದೆ.

೩. ಈ ಯೋಜನೆಯ ಸಮಿತಿಗೆ ಕಾರ್ಯದರ್ಶಿ ನನ್ನ ಸೊಸೆ. ನಿನ್ನೆ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ತಾರಸಿಗೆ ಬಂದಳು.

"ಅಕ್ಕಾ, ಬಟ್ಟಲ ಮೇಲೆ ಕಾಗೆ ಕೂತು ನಿದ್ದೆ ಹೊಡೀತಿದೆ," ಎಂದ ಅವನು. "ಇಲ್ಲಿನ ಗಾಳಿಗೆ ಯಾರ ಕಣ್ಣು ಬಿತ್ತೋ!"

ನಾನು ನಡೆದದ್ದನ್ನು ಹೇಳಿದೆ. ಸೊಸೆ ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಮಾವ! ಗಾಳಿ ಬರಲಿ ಅಂತ ನಾವು ಒದ್ದಾಡ್ತಿದ್ರೆ, ನೀವು ಮನೇಲೇ ಕೂತು ಮೇಲಿಂದ ಸ್ಟೇ ತಂದಿದ್ದೀರಾ?"

"ತಾತಾ, ಹಾಗೇ ನಮ್ಮನೆ ಮೀಟರ್ ನಿಲ್ಲೋಕೂ ಒಂದು ಮಾತು ಹೇಳಿಬಿಡಿ," ಎಂದ ಎಲೆಕ್ಟ್ರಿಷಿಯನ್.

ಮೂವರೂ ನಕ್ಕೆವು. ಆಮೇಲೆ ಸೊಸೆ ಮೆಲ್ಲಗೆ, "ಮೊದಲನೇ ಸಭೇಲಿ ಜಗಳ ತೆಗೆದಿದ್ದು ಯಾರು ಮಾವ? ಅತ್ತೇನೇ ಅಲ್ವಾ? 'ಮೊದಲು ನೀರಿನ ಪಂಪು, ಆಮೇಲೆ ನಿಮ್ಮ ಬೀದಿ ದೀಪ. ಮೆಟ್ಟಿಲು ಹತ್ತಿ ಕೊಡ ಹೊರೋರು ನಾವು' ಅಂದಿದ್ರು," ಎಂದಳು.

೪. ಹೌದು, ಅವಳೇ. ಮಂಡಿನೋವಿನಲ್ಲೂ ಮೂರು ಮಹಡಿ ನೀರು ಹೊತ್ತವಳು. ಅವಳಿಗಾಗಿ ಗಾಳಿ ನಿಲ್ಲಿಸಲು ಹೋಗಿ ಅವಳ ಪಂಪಿಗೇ ಕಲ್ಲು ಹಾಕಿದಂತಾಯಿತು. ಈಗಾಗಲೇ ಅಲ್ಲಿ ನನ್ನನ್ನು ಬೈಯುತ್ತಿರಬೇಕು. ಅವಳ ದನಿ ಸಣ್ಣದಲ್ಲವಾದ ಕಾರಣ ತಮಗೂ ಕೇಳಿಸಿರುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಹಿಂದಿನ ಕೋರಿಕೆಯನ್ನು ರದ್ದುಪಡಿಸಿ, ಗಾಳಿಯನ್ನು ಬಾಕಿ ಸಮೇತ ಬಿಡುಗಡೆ ಮಾಡಬೇಕಾಗಿ ಪ್ರಾರ್ಥನೆ. ಇಂದೂ ದೀಪ ಹಚ್ಚಿಟ್ಟಿದ್ದೇನೆ; ಕೈ ಅಡ್ಡ ಹಿಡಿಯುವುದಿಲ್ಲ. ಅದು ಆರಿದರೆ ಅರ್ಜಿ ಮಂಜೂರಾಯಿತೆಂದು ತಿಳಿಯುತ್ತೇನೆ.

ತಮ್ಮನ್ನು ನಂಬಿಯೇ ಈ ವಯಸ್ಸಿಗೆ ಬಂದ ವಿಶ್ವಾಸಿ,
ಮೂರನೇ ಮಹಡಿಯ ತಾತ

ಅಡಕ:
೧. ಉರಿಯುತ್ತಿರುವ ದೀಪ, ಒಂದು.
೨. ಕಾಗೆ, ಒಂದು. (ಬೇರೆ ಕಂಬಕ್ಕೆ ವರ್ಗಾಯಿಸುವುದು.)

ವಿ. ಸೂ.: ದೀಪ ಆರಿದ ಮೇಲೆ ಅವಳು ಹೆದರದಂತೆ ತಾವು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಬೇಕು. ಮಾತೆಲ್ಲ ಅವಳೇ ಆಡುತ್ತಾಳೆ. ತಾವು ಹೂಂಗುಟ್ಟಿದರೆ ಸಾಕು.