ಮಾಸ್ತರರ ಬೆವರಿನ ನೀರು

ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತ ವಿಜ್ಞಾನದ ಮಾಸ್ತರ ವ್ಯಾಸರಾಜರು ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಬಾಹ್ಯಾಕಾಶದಾಗ ಏನೂ ವೇಸ್ಟ್ ಮಾಡೂದಿಲ್ರಿ. ಬಿಟ್ಟ ಉಸಿರು, ಸುರಿಸಿದ ಬೆವರು, ಎಲ್ಲಾ ಹಿಡಿದು ನೀರು ಮಾಡ್ಕೊಂಡು ಕುಡೀತಾರ."

"ಹಂಗಾದ್ರ ನೀವೂ ಮಾಡಿ ತೋರ್ಸಿಬಿಡ್ರಿ!" ಎಂದರು ಹೆಡ್‌ಮಾಸ್ತರ ಅಂಜಿನಯ್ಯ.

೧೯೮೪ರ ಜುಲೈ. ನಮ್ಮ ದೇಶದವರೊಬ್ಬರು ಆಕಾಶಕ್ಕೆ ಹೋಗಿಬಂದು ಮೂರು ತಿಂಗಳಾಗಿತ್ತು. ಹೊಸಪೇಟೆಯ ಆ ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಬಳ್ಳಾರಿಯಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು.

ಮಾಸ್ತರರು ಆಳೆತ್ತರದ ತಗಡಿನ ಪೆಟ್ಟಿಗೆ ಮಾಡಿಸಿದರು. ಗಾಳಿ ತಿರುಗಿಸಲು ಟೇಬಲ್ ಫ್ಯಾನು, ಕೆಟ್ಟ ಗಾಳಿ ಹೀರಲು ತಟ್ಟೆ ತುಂಬ ಸುಣ್ಣ, ಉಸಿರಿನ ಹಸಿ ತಣಿದು ಹನಿಯಾಗಲು ಐಸಿನಲ್ಲಿ ಹೂತ ತಾಮ್ರದ ಕೊಳವೆ. ಅದರ ತುದಿ ಹೊರಗಿಟ್ಟ ಲೋಟಕ್ಕೆ. ಪ್ರದರ್ಶನದ ದಿನ ಬೆಳಿಗ್ಗೆ ಎಂಟಕ್ಕೇ ತಾವೇ ಒಳಹೊಕ್ಕು ಕೂತರು.

ಹತ್ತಾದರೂ ಲೋಟ ಒಣಒಣ. ಮಾಸ್ತರರು ಮಾತ್ರ ಪಾತ್ರೆಯೊಳಗಿನ ಇಡ್ಲಿಯಂತೆ ಬೆಂದಿದ್ದರು. ಡ್ರಿಲ್ ಮಾಸ್ತರ ಗುಡ್ಡಪ್ಪ ಕಿಂಡಿಯಲ್ಲಿ ಇಣುಕಿದ.

"ಸುಮ್ನ ಕುಂತ್ರ ಹೆಂಗ್ರಿ? ಬಸ್ಕಿ ಹೊಡೀರಿ, ಬೆವರು ಬರ್ತತಿ!"

ಮಾಸ್ತರರು ನಲವತ್ತು ಬಸ್ಕಿ ಹೊಡೆದರು. ಆಮೇಲೆ ಏದುಸಿರು ಬಿಡುತ್ತ ಶಾಲೆಯ ಆಯಾ ಜಂಬವ್ವನನ್ನು ಕಿಂಡಿಗೆ ಕರೆದರು.

"ಕಾಲುವಿಯಿಂದ ಒಂದು ಚೊಂಬು ನೀರು ತಂದು ಲೋಟಕ್ಕ ಹಾಕವ್ವ. ಯಾರಿಗೂ ಹೇಳಬ್ಯಾಡ."

ಹನ್ನೊಂದಕ್ಕೆ ಸಾಹೇಬರ ಜೀಪು ಬಂತು. ಅಷ್ಟೊತ್ತಿಗೆ ಲೋಟ ತುಂಬಿತ್ತು. ಬಾಯಾರಿ ಬಂದಿದ್ದ ಸಾಹೇಬರು ಅಂಜಿನಯ್ಯ ಕೊಟ್ಟ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿದರು.

"ಮಸ್ತ್ ಐತ್ರಿ! ಎಲ್ಲಿ ನೀರಿದು?"

"ನಮ್ಮ ವ್ಯಾಸರಾಜರ ಬೆವರು ಸಾರ್," ಎಂದ ಗುಡ್ಡಪ್ಪ ಎದೆಯುಬ್ಬಿಸಿ. "ಬಸ್ಕಿ ಹೊಡಿಸಿದಾವ ನಾನು."

ಸಾಹೇಬರು ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡರು. "ಸಸ್ಪೆಂಡ್ ಮಾಡ್ರಿ ಅವನ್ನ!" ಎಂಬ ಕೂಗು ಪೆಟ್ಟಿಗೆಯೊಳಕ್ಕೂ ಕೇಳಿಸಿತು.

ಮಾಸ್ತರರು ಬಾಗಿಲು ದೂಡಿಕೊಂಡು ಬಂದು ಕಾಲಿಗೆ ಬಿದ್ದರು. "ದೇವರಾಣಿ ಸಾಹೇಬ್ರ, ಮಷಿನ್ ಕೆಲಸಾನ ಮಾಡಿಲ್ಲ! ಅದು ಕಾಲುವಿ ನೀರ್ರಿ, ನಾನ ಹಾಕ್ಸೀನಿ!"

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. "ಬರದು ಕೊಡ್ರಿ."

ಯಂತ್ರ ಬೋಗಸ್ ಎಂದು ಮಾಸ್ತರರು ಬರೆದು ಸಹಿ ಹಾಕಿದರು. ಮೋಸ ಮಾಡಿದ್ದಕ್ಕೆ ಸಸ್ಪೆನ್ಷನ್ನಿನ ಬದಲು ಮೆಟ್ರಿ ಹಳ್ಳಿಯ ಶಾಲೆಗೆ ವರ್ಗ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು.

ಧೂಳು ಇಳಿಯುವುದರೊಳಗೆ ಜಂಬವ್ವ ಬಂದಳು. ಕೈಯಲ್ಲಿನ ಚೊಂಬು ಬೋರಲಾಗಿತ್ತು.

"ಸಿಟ್ಟು ಮಾಡಬ್ಯಾಡ್ರಿ ಮಾಸ್ತರ್ರ. ಕಾಲುವಿ ಒಡದೈತಂತ, ನೀರು ಬಂದ್ ಮಾಡ್ಯಾರ. ನಲ್ಯಾಗೂ ಇಲ್ಲ. ಹೊಳ್ಳಿ ಬಂದು ನೋಡಿದ್ರ ಲೋಟ ತಾನ ತುಂಬಿತ್ತಲ್ರಿ!"

ಮಾಸ್ತರರು ಕೊಳವೆಯತ್ತ ನೋಡಿದರು. ಟಪ್ ಟಪ್ ಹನಿ ಬೀಳುತ್ತಲೇ ಇತ್ತು. "ಅಂದ್ರ ಮಷಿನ್ ನಡದೈತಿ! ತಡೀರಿ, ಜೀಪು ನಿಲ್ಲಸ್ತೀನಿ..."

ಅಂಜಿನಯ್ಯ ಅವರ ರಟ್ಟೆ ಹಿಡಿದು ಎಳೆದರು. "ಬಾಯಿ ಮುಚ್ಚಿ ಮೆಟ್ರಿಗೆ ನಡೀರಿ! ಅವರು ಖರೇನ ನಿಮ್ಮ ಬೆವರು ಕುಡದಾರಂತ ಗೊತ್ತಾದ್ರ ಲೋಟ ಕೊಟ್ಟ ನನ್ನ ನೌಕರೀನೂ ಹೋಗ್ತತಿ!"